ಕಲ್ಕತ್ತೆಯಲ್ಲಿ ಉಂಡ ಹುಳಿ-ಸಿಹಿ

ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು ಒಂದು ಸಂಜೆ, “ತಾತ, ನಿಮಗೆ ಸ್ವೀಟ್ ಅಂಡ್ ಸೋರ್ ಪೋರ್ಕ್ ಮಾಡೋಕೆ ಬರುತ್ತಂತೆ, ನಿಜಾನಾ?” ಎಂದು ಕೇಳಿದಳು. ನನಗೆ ಬರುವ ಅಡುಗೆ ಅದೊಂದೇ. ಪಂದಿಕರಿ, ಕಡಂಬುಟ್ಟು ಎಲ್ಲ ನನ್ನ ಹೆಂಡತಿಯ ಖಾತೆ. ಅಲ್ಲಿ ನಾನು ಕೈ ಹಾಕಿದರೆ, ಸಹಿ ಸರಿಯಿಲ್ಲದ ಚೆಕ್ಕಿನಂತೆ ವಾಪಸು ಬರುತ್ತೇನೆ. ಈ ಚೀನೀ ಅಡುಗೆಗೆ ಮಾತ್ರ ಅವಳು ಒಲೆ ಬಿಟ್ಟುಕೊಡುತ್ತಾಳೆ.

ಮರುದಿನವೇ ಅರ್ಧ ಕಿಲೋ ಹಂದಿಮಾಂಸ ತಂದೆ. ಸ್ವಲ್ಪ ಕೊಬ್ಬು ಇರಲೇಬೇಕು, ಬರೀ ಮಾಂಸವಾದರೆ ನಾರು ನಾರಾಗುತ್ತದೆ. ಒಂದಂಗುಲದ ತುಂಡು ಮಾಡಿ, ಸೋಯಾ ಸಾಸ್, ಉಪ್ಪು, ಕರಿಮೆಣಸಿನ ಪುಡಿ ಹಚ್ಚಿ ಅರ್ಧ ಗಂಟೆ ಇಟ್ಟೆವು. ಆಮೇಲೆ ಒಂದು ಮೊಟ್ಟೆ ಒಡೆದು ಕಲಸಿ, ಒಂದೊಂದೇ ತುಂಡನ್ನು ಕಾರ್ನ್‌ಫ್ಲೋರಿನಲ್ಲಿ ಹೊರಳಿಸುವ ಕೆಲಸ ಮೊಮ್ಮಗಳದ್ದು. ಮೂಗಿನ ತುದಿಗೂ ಹಿಟ್ಟು ಬಳಿದುಕೊಂಡಳು. ಎಣ್ಣೆಯ ಹತ್ತಿರ ಮಾತ್ರ ಅವಳನ್ನು ಬಿಡಲಿಲ್ಲ.

ಇದನ್ನು ಎರಡು ಸಲ ಕರಿಯಬೇಕು. ಮೊದಲ ಸಲ ಹದವಾದ ಉರಿಯಲ್ಲಿ, ಒಳಗೆಲ್ಲ ಚೆನ್ನಾಗಿ ಬೇಯುವವರೆಗೆ. ಹಂದಿಮಾಂಸ ಅರೆಬೆಂದಿರಬಾರದು. ತೆಗೆದು ಹತ್ತು ನಿಮಿಷ ಆರಲು ಬಿಟ್ಟರೆ ಒಳಗಿನ ನೀರು ಹೊರಮೈಗೆ ಬಂದು ತುಂಡು ಮೆತ್ತಗಾಗುತ್ತದೆ. ಎರಡನೇ ಸಲ ಜೋರು ಉರಿಯಲ್ಲಿ ಒಂದೆರಡು ನಿಮಿಷ ಕರಿದಾಗ ಆ ನೀರು ಹಾರಿಹೋಗಿ ಗರಿಗರಿಯಾಗುತ್ತದೆ.

ಆ ಹತ್ತು ನಿಮಿಷದಲ್ಲಿ ಅವಳು, “ಇದನ್ನ ನಿಮಗೆ ಯಾರು ಕಲಿಸಿದ್ದು?” ಎಂದಳು.

ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿದ ಹೊಸದರಲ್ಲಿ, 1974ರಲ್ಲಿ, ನನ್ನನ್ನು ಕಲ್ಕತ್ತೆಯ ಶಾಖೆಗೆ ಹಾಕಿದ್ದರು. ಒಂದು ದಿನ ಉಳಿತಾಯ ಖಾತೆ ತೆರೆಯಲು ಚೀನೀ ಮುಖದ ಬಡಗಿಯೊಬ್ಬರು ಬಂದರು. ಅರವತ್ತರ ಹತ್ತಿರದ ವಯಸ್ಸು, ಬೆರಳ ಸಂದಿನಲ್ಲಿ ಮರದ ಹುಡಿ. ನಾನು ಅವರನ್ನು ಬೇಕೆಂದೇ ಕಾಯಿಸಿದೆ. ಅರ್ಜಿಯನ್ನು ಎರಡು ಸಲ ತಿದ್ದಿಸಿದೆ.

ಮಕ್ಕಳೇ, ಅದಕ್ಕೊಂದು ಹಿನ್ನೆಲೆ ಇತ್ತು. 1962ರಲ್ಲಿ ಚೀನಾ ಯುದ್ಧವಾದಾಗ ನಾನು ಆರನೇ ತರಗತಿ. ನಮ್ಮ ಕೊಡಗಿನಲ್ಲಿ ಸೈನ್ಯಕ್ಕೆ ಮಗನನ್ನು ಕಳಿಸದ ಮನೆ ಕಡಿಮೆ. ಪಕ್ಕದ ಮನೆಯ ಮಾವ ಗಡಿಗೆ ಹೋದವರು ತಿರುಗಿ ಬರಲಿಲ್ಲ. ಶಾಲೆಯಿಂದ ಬರುವಾಗ ನಾವು ಹುಡುಗರು ಹುಲ್ಲಿನ ಬೊಂಬೆಗೆ ಚೀನೀ ಟೋಪಿ ಹಾಕಿ ಸುಟ್ಟಿದ್ದೆವು. ಹನ್ನೆರಡು ವರ್ಷದ ಮೇಲೂ ಆ ಹೊಗೆ ನನ್ನ ತಲೆಯಲ್ಲಿತ್ತು.

ಅರ್ಜಿಯ ಹಿಂದಿನ ವಿಳಾಸದ ಜಾಗದಲ್ಲಿ ಅವರು ಎರಡು ಊರು ಬರೆದಿದ್ದರು: ಅಸ್ಸಾಮಿನ ಮಾಕುಮ್, ರಾಜಸ್ಥಾನದ ದೇವಲಿ. “ರಾಜಸ್ಥಾನದಲ್ಲಿ ಏನು ವ್ಯಾಪಾರ?” ಎಂದು ಗಡುಸಾಗಿಯೇ ಕೇಳಿದೆ. ಅವರು ನಕ್ಕು, “ವ್ಯಾಪಾರ ಅಲ್ಲ ಬಾಬು, ಸರ್ಕಾರ ಕರೆದುಕೊಂಡು ಹೋಗಿತ್ತು” ಎಂದರು.

ಯುದ್ಧದ ಕಾಲದಲ್ಲಿ ಚೀನೀ ಮೂಲದ ಸುಮಾರು 3,000 ಜನರನ್ನು ಹಿಡಿದು ದೇವಲಿಯ ಶಿಬಿರದಲ್ಲಿ ಇಟ್ಟಿದ್ದರು. ಹಲವರು ಇಲ್ಲೇ ಹುಟ್ಟಿದವರು. ಈ ಬಡಗಿಯ ಪೂರ್ವಿಕರು ಬ್ರಿಟಿಷರ ಕಾಲದಲ್ಲೇ ಚಹಾ ತೋಟದ ಕೆಲಸಕ್ಕೆ ಬಂದವರು. ಯುದ್ಧ ಒಂದು ತಿಂಗಳಲ್ಲಿ ಮುಗಿಯಿತು, ಅವರು ಹೊರಬಂದದ್ದು ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ಮಾಕುಮ್‌ನಲ್ಲಿ ಮನೆಯೂ ಇಲ್ಲ, ಅಂಗಡಿಯೂ ಇಲ್ಲ. ಕಲ್ಕತ್ತೆಗೆ ಬಂದು ಮತ್ತೆ ಉಳಿ ಹಿಡಿದರು.

ಪಾಸ್‌ಬುಕ್ಕನ್ನು ಆ ದಿನವೇ ಬರೆದು ಕೊಟ್ಟೆ. ಅಷ್ಟು ಮಾತ್ರ ಮಾಡಿದೆ.

ತಿಂಗಳೊಂದರ ಮೇಲೆ ಅವರೇ ಮನೆಗೆ ಊಟಕ್ಕೆ ಕರೆದರು. ಅವರ ಹೆಂಡತಿ ಬಡಿಸಿದ್ದು ಇದೇ ಹುಳಿ-ಸಿಹಿ. ದಕ್ಷಿಣ ಚೀನಾದ ಕ್ಯಾಂಟನ್ ಸೀಮೆಯ ಅಡುಗೆ, ಅವರ ಮಾತಿನಲ್ಲಿ ‘ಗು ಲೌ ಯುಕ್’. ಮೊದಲ ತುತ್ತಿಗೇ ನನಗೆ ಊರು ನೆನಪಾಯಿತು. ಹಂದಿಮಾಂಸದ ಕೊಬ್ಬಿಗೆ ಹುಳಿಯೇ ಜೋಡಿ ಎಂದು ಕೊಡಗಿನವರಿಗೂ ಗೊತ್ತಲ್ಲ! ಮುಂದಿನ ಸಲ ರಜೆಗೆ ಬಂದಾಗ ಒಂದು ಸಣ್ಣ ಸೀಸೆ ಕಾಚಂಪುಳಿ ಒಯ್ದೆ. ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಬತ್ತಿಸಿದ ನಮ್ಮ ಹುಳಿ ಅದು. ಆ ತಾಯಿ ಬೆರಳ ತುದಿಗೆ ಹಚ್ಚಿ ನೆಕ್ಕಿ, ಕಣ್ಣು ಮುಚ್ಚಿ, ಇನ್ನೊಮ್ಮೆ ನೆಕ್ಕಿದರು. ಅಡುಗೆ ಕಲಿಸಿದ್ದು ಅವರೇ.

ಇಷ್ಟು ಹೇಳುವಷ್ಟರಲ್ಲಿ ಹತ್ತು ನಿಮಿಷ ಇಪ್ಪತ್ತಾಗಿತ್ತು. ಎರಡನೇ ಸಲ ಕರಿದು ತೆಗೆದೆ. ಬೇರೆ ಬಾಣಲೆಯಲ್ಲಿ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಅನಾನಸ್ ಹೋಳುಗಳನ್ನು ಜೋರು ಉರಿಯಲ್ಲಿ ಬಾಡಿಸಿದೆ. ಮೂರು ಚಮಚ ಸಕ್ಕರೆ, ಎರಡು ಚಮಚ ವಿನೆಗರ್, ಮೂರು ಚಮಚ ಟೊಮೆಟೊ ಕೆಚಪ್, ಒಂದು ಚಮಚ ಸೋಯಾ ಸಾಸ್, ಅರ್ಧ ಲೋಟ ನೀರು. ಮೇಲೆ ನಾಲ್ಕೇ ಹನಿ ಕಾಚಂಪುಳಿ, ಹೆಚ್ಚಾದರೆ ಎಲ್ಲ ಕಪ್ಪಾಗಿ ಪಂದಿಕರಿಯ ತಮ್ಮನಂತೆ ಕಾಣುತ್ತದೆ. ನೀರಿನಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿದರೆ ಹೊಳೆಯುತ್ತ ಗಟ್ಟಿಯಾಗುತ್ತದೆ. ಮಾಂಸ ಹಾಕುವುದು ಕಟ್ಟಕಡೆಗೆ, ತಟ್ಟೆ ಇಟ್ಟ ಮೇಲೆ. ಮೊದಲೇ ಹಾಕಿದರೆ ಎರಡು ಸಲ ಕರಿದ ಕಷ್ಟವೆಲ್ಲ ನೀರುಪಾಲು. ಮಾಂಸ ತಿನ್ನದ ಮನೆಗಳಲ್ಲಿ ಹೂಕೋಸು ಹಾಕಿ ನೋಡಿ, ಚೆನ್ನಾಗಿಯೇ ಇರುತ್ತದೆ.

ಊಟಕ್ಕೆ ಕುಳಿತಾಗ ನನ್ನ ಹೆಂಡತಿ, “ಸಕ್ಕರೆ ಒಂದು ಚೂರು ಹೆಚ್ಚಾಯಿತು ನೋಡಿ” ಎಂದಳು. ಪ್ರತಿ ಸಲವೂ ಹೇಳುತ್ತಾಳೆ, ಪ್ರತಿ ಸಲವೂ ಎರಡನೇ ಸಲ ಬಡಿಸಿಕೊಳ್ಳುತ್ತಾಳೆ.

ಮೊಮ್ಮಗಳು ಅನಾನಸ್ ಹೋಳುಗಳನ್ನೆಲ್ಲ ಆರಿಸಿ ತಿನ್ನುತ್ತಿದ್ದವಳು ತಲೆಯೆತ್ತಿ, “ತಾತ, ಅವರನ್ನ ಕಾಯಿಸಿದ್ದಕ್ಕೆ ಸಾರಿ ಕೇಳಿದ್ರಾ?” ಎಂದಳು.

ಕೇಳಿರಲಿಲ್ಲ. ಮೂರು ವರ್ಷ ಅವರ ಮನೆಯಲ್ಲಿ ಉಂಡೆ, ಪ್ರತಿ ಸಲವೂ ಇವತ್ತು ಹೇಳೋಣ ಎಂದುಕೊಂಡೆ. ನನಗೆ ಊರಿಗೆ ವರ್ಗವಾಯಿತು. ಅವರು ಮಕ್ಕಳ ಜೊತೆ ಕೆನಡಾಕ್ಕೆ ಹೋದರೆಂದು ಆಮೇಲೆ ತಿಳಿಯಿತು.

“ಇಲ್ಲ ಮಗಳೇ” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ತಟ್ಟೆಯಲ್ಲಿ ಉಳಿದಿದ್ದ ಒಂದು ತುಂಡನ್ನು ನನ್ನ ತಟ್ಟೆಗೆ ಹಾಕಿದಳು.