ನನ್ನ ತಂದೆತಾಯಿಯರ ದ್ವೀಪಯಾತ್ರೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನನ್ನ ತಂದೆತಾಯಿಯರು ಎರಡನ್ನೂ ಮಾಡಿದವರಲ್ಲ. ಮಧುಗಿರಿ ಸೀಮೆಯ ಸಣ್ಣ ಹಳ್ಳಿಯೊಂದೇ ಅವರ ದೇಶ. ರೇಷನ್ ಕಾರ್ಡೊಂದೇ ಅವರ ಮನೆಯ ಕೋಶ. ತಂದೆಯವರು ಕಲ್ಲು ಒಡೆಯುವವರು. ತಾಯಿ ಆ ಕಲ್ಲನ್ನು ಹೊತ್ತು ಹಾಕುವವರು. ಇಂಥವರ ಮಗನಾದ ನಾನು ಈ ಕಾಲೇಜಿನ ಅಂತಿಮ ಬಿ.ಎ. ತರಗತಿಯಲ್ಲಿ ಭೂಗೋಳಶಾಸ್ತ್ರವನ್ನು ಓದುತ್ತಿದ್ದೇನೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೆಟ್ಟಿಲು ಹತ್ತಿದವನಿಗೆ ಕೆಳಗೆ ನಿಂತವರು ಚಿಕ್ಕವರಾಗಿ ಕಾಣುವುದುಂಟು. ಆ ದೃಷ್ಟಿದೋಷ ನನಗೂ ತಗಲಿತ್ತು. ಪ್ರವೇಶದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಕಡೆ, ತುಂಡು ಭೂಮಿಯೂ ಇಲ್ಲದ ಮನೆಯವನಾದ ನಾನು, ಮೂರು ವರ್ಷವೂ ‘ಕೃಷಿ’ ಎಂದೇ ಬರೆದಿದ್ದೆನೆಂದರೆ ವಾಚಕರು ಉಳಿದುದನ್ನು ಊಹಿಸಿಕೊಳ್ಳಬಹುದು.

2024ರ ಜನವರಿಯಲ್ಲಿ ನಮ್ಮೂರಿನ ಹೆಂಗಸರ ಉಳಿತಾಯದ ಸಂಘದವರು ಒಂದು ಪ್ರವಾಸವನ್ನು ಹೂಡಿದರು. ವರ್ಷವಿಡೀ ಕೂಡಿಟ್ಟ ಹಣ, ಬಾಡಿಗೆಯ ಬಸ್ಸು, ಧರ್ಮಸ್ಥಳ, ಉಡುಪಿ, ಅಲ್ಲಿಂದ ಮಲ್ಪೆಯ ಕಡಲು. ಒಂದೇ ಒಂದು ನಿಯಮವೇನೆಂದರೆ, ಪ್ರತಿಯೊಬ್ಬ ಹೆಂಗಸೂ ತನ್ನ ಗಂಡನನ್ನು ಕರೆತರಬೇಕು! ಅದುವರೆಗೆ ನನ್ನ ತಂದೆತಾಯಿಯರು ಜೊತೆಯಾಗಿ ಹೋಗಿದ್ದುದು ಮದುವೆಗೆ, ಸಾವಿಗೆ, ಆಸ್ಪತ್ರೆಗೆ, ಇಷ್ಟಕ್ಕೆ ಮಾತ್ರ. ಬೋರ್ಡು ಓದುವುದಕ್ಕೂ ಲೆಕ್ಕ ಬರೆಯುವುದಕ್ಕೂ ಒಬ್ಬ ಓದಿದವನು ಬೇಕೆಂದು ನನ್ನನ್ನೂ ಹತ್ತಿಸಿಕೊಂಡರು. ನಾನು ಬಸ್ಸಿನಲ್ಲಿ ಕೂತಾಗಲೇ ಅರ್ಧ ಉಪನ್ಯಾಸಕನಾಗಿದ್ದೆ.

ಶಿರಾಡಿ ಘಟ್ಟವನ್ನು ಇಳಿಯುವಾಗ ನಮ್ಮವರೆಲ್ಲ ಹಸಿರನ್ನು ಕಂಡು ಮೂಕರಾದರು. ಮೂರನೆಯ ದಿನ ಬೆಳಿಗ್ಗೆ ಮಲ್ಪೆಯಲ್ಲಿ ಕಡಲನ್ನು ಕಂಡು ಮಾತನಾಡಿದರು. “ಇಷ್ಟೊಂದು ನೀರು ಇಟ್ಕೊಂಡು ಈ ಕಡೆಯವರು ಏನು ಮಾಡ್ತಾರೆ?” ಎಂದು ತಾಯಿ ಕೇಳಿದರು. ದ್ವೀಪಕ್ಕೆ ಹೋಗಲು ದೋಣಿಗೆ ಟಿಕೆಟ್ಟು ಕೊಳ್ಳಬೇಕೆಂದಾಗ ತಂದೆಯವರು ತಡೆದರು. “ಕುಡಿಯೋ ನೀರಿಗೆ ದುಡ್ಡು ಕೊಡೋದು ಗೊತ್ತು. ನೀರಿನ ಮೇಲೆ ಹೋಗೋದಕ್ಕೂ ಕೊಡಬೇಕಾ?” ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹತ್ತಿರದಲ್ಲಿಯೇ ಪಟ್ಟಣದ ಯಾವುದೋ ಕಾಲೇಜಿನ ವಿದ್ಯಾರ್ಥಿಗಳು ಹತ್ತು ಹನ್ನೆರಡು ಮಂದಿ ನಿಂತಿದ್ದರು. ನಾನು ತಂದೆಯವರ ಬಳಿ ಹೋಗಿ ಮೆಲ್ಲಗೆ, “ತಲೆಯ ಮೇಲಿನ ಟವಲು ತೆಗೀರಿ. ಗಟ್ಟಿಯಾಗಿ ಮಾತಾಡಬೇಡಿ. ಜನ ನೋಡ್ತಾರೆ” ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಟವಲನ್ನು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

ದೋಣಿ ಹೊರಟಿತು. ಎಲ್ಲರಿಗೂ ಕಿತ್ತಳೆ ಬಣ್ಣದ ರಕ್ಷಾಕವಚ. ಕಿವಿ ಕಿವುಡಾಗುವಂತೆ ಸಿನಿಮಾ ಹಾಡು. ದಡ ಹಿಂದೆ ಸರಿದಂತೆ ಅಲೆ ದೊಡ್ಡದಾಯಿತು. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಹಿಂದಿನ ದಿನವಷ್ಟೇ ನೋಡಿಬಂದ ಮಂಜುನಾಥನನ್ನು ಮತ್ತೆ ಕರೆಯತೊಡಗಿದರು. ಆಗ ತಂದೆಯವರು ಅವರ ಕೈಯನ್ನು ತೆಗೆದು ತಮ್ಮ ಎರಡು ಕೈಗಳ ನಡುವೆ ಇಟ್ಟುಕೊಂಡರು. ಊರಿನ ಜನರೆದುರಿಗೆ ಅವರು ತಾಯಿಯ ಕೈ ಹಿಡಿದುದನ್ನು ನಾನು ನೋಡಿದುದು ಅದೇ ಮೊದಲು. ಮಗನಾದವನು ಮುಖ ತಿರುಗಿಸಬೇಕೆನ್ನಿಸಿತು. ತಿರುಗಿಸಿಕೊಂಡು ಆ ವಿದ್ಯಾರ್ಥಿಗಳ ಗುಂಪಿನತ್ತ ಹೋಗಿ ಕುಳಿತೆ.

ಅಲ್ಲಿ ನನ್ನ ಪಾಂಡಿತ್ಯಕ್ಕೆ ತಡೆಯೇ ಇರಲಿಲ್ಲ. ನಾವು ಹೋಗುತ್ತಿರುವುದು ಸೇಂಟ್ ಮೇರೀಸ್ ದ್ವೀಪವೆಂದೂ, ಸ್ಥಳೀಯರು ಅದನ್ನು ತೋನ್ಸೆಪಾರ್ ಎನ್ನುವರೆಂದೂ, 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿಯಿದೆಯೆಂದೂ ಹೇಳಿದೆ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಇನ್ನೂ ನಮ್ಮ ನೆಲಕ್ಕೆ ಅಂಟಿಕೊಂಡಿದ್ದಾಗ, ಉಕ್ಕಿಬಂದ ಲಾವಾರಸ ಆರಿ ಕಂಬಕಂಬವಾದುದೇ ಅಲ್ಲಿಯ ಬಂಡೆಗಳೆಂದೂ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆಯೆಂದೂ ವಿವರಿಸಿದೆ. ಅವರು ತಲೆದೂಗಿದರು. ಅಷ್ಟರಲ್ಲಿ ಅವರಲ್ಲೊಬ್ಬನು ಒಳ್ಳೆಯ ಮನಸ್ಸಿನಿಂದಲೇ ತಂದೆಯವರನ್ನು, “ಇವರು ನಿಮ್ಮ ಕಡೆಯವರಾ?” ಎಂದು ಕೇಳಿದ.

ತಂದೆಯವರು ನನ್ನತ್ತ ನೋಡಿದರು. ಆಮೇಲೆ ಹೇಳಿದರು: “ನಮ್ಮೂರ ಹುಡುಗ ಸ್ವಾಮಿ. ಬಿ.ಎ. ಓದ್ತಾ ಅವ್ನೆ.”

ತಾಯಿ ಕಣ್ಣು ಬಿಟ್ಟರು. ಯಾರೂ ಏನೂ ಹೇಳಲಿಲ್ಲ. ‘ನಾನು ಅವರ ಮಗ’ ಎಂಬ ಮೂರು ಮಾತನ್ನು ಹೇಳಲು ನನಗೆ ಬೇಕಾದಷ್ಟು ಹೊತ್ತಿತ್ತು. ನಾನು ಹೇಳಲಿಲ್ಲ. ಅವರು ಹಾಗೆಂದುದು ಸಿಟ್ಟಿನಿಂದಲ್ಲ. ನನ್ನ ಮಾನ ಉಳಿಸುವುದಕ್ಕೆ. ಬೆಳಿಗ್ಗೆ ಟವಲನ್ನು ಮಡಿಸಿದಂತೆಯೇ ಈಗ ಮಗನೆಂಬ ಮಾತನ್ನೂ ಮಡಿಸಿ ಒಳಗಿಟ್ಟುಕೊಂಡಿದ್ದರು.

ದ್ವೀಪದ ಬಳಿ ನೀರು ಆಳವಿಲ್ಲದುದರಿಂದ ನಮ್ಮನ್ನು ಸಣ್ಣ ದೋಣಿಗೆ ಇಳಿಸಿಕೊಂಡರು. ದಡದಲ್ಲಿ ಮರಳಿಗಿಂತ ಕಪ್ಪೆಚಿಪ್ಪೇ ಹೆಚ್ಚು. ತೆಂಗಿನ ಮರಗಳ ಆಚೆಗೆ ಆ ಕಲ್ಲುಕಂಬಗಳು. ಐದು ಮೂಲೆಯವು, ಆರು ಮೂಲೆಯವು, ಜೋಡಿಸಿ ನಿಲ್ಲಿಸಿದಂತೆ ಸಾಲುಸಾಲು. ನಮ್ಮವರೆಲ್ಲ ನೀರಿಗೆ ಓಡಿದರು. ತಂದೆಯವರು ಮಾತ್ರ ಕಲ್ಲಿನ ಹತ್ತಿರ ಹೋದರು. ಅಂಗೈಯಿಂದ ಸವರಿದರು. ಒಂದು ಬೆಣಚನ್ನು ಎತ್ತಿಕೊಂಡು ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿದರು.

“ಇದು ಉಳಿ ಮುಟ್ಟಿದ ಕಲ್ಲಲ್ಲ” ಎಂದು ತಾಯಿಗೆ ಹೇಳಿದರು. “ನಮ್ಮ ಬೆಟ್ಟದ ಕಲ್ಲಲ್ಲಿ ಕಾಳು ಕಾಣ್ತದೆ. ಇದರಲ್ಲಿ ಅಷ್ಟು ಕಾಣಾಕಿಲ್ಲ. ಹಿಟ್ಟು ನುಣ್ಣಗೆ ಅದೆ.”

ತಾಯಿ ಬಗ್ಗಿ ಕಂಬಗಳ ತಲೆಗಳನ್ನು ನೋಡಿ, “ಬ್ಯಾಸಿಗೇಲಿ ನಮ್ಮ ಕೆರೆ ಬಿರುಕು ಬಿಡಾಕಿಲ್ವಾ, ಹಂಗೇ ಅದೆ” ಎಂದರು.

ನಾನು ಅವರ ಹಿಂದೆ ನಿಂತಿದ್ದೆ. ನೆಲದೊಳಗೆ ನಿಧಾನವಾಗಿ ಆರಿದ ಗ್ರಾನೈಟಿನಲ್ಲಿ ಹರಳುಗಳು ದೊಡ್ಡವಾಗಿರುತ್ತವೆ, ಬೇಗ ಆರಿದ ಲಾವಾ ಶಿಲೆಯಲ್ಲಿ ನುಣ್ಣಗಿರುತ್ತವೆ. ಆರುವಾಗ ಶಿಲೆ ಕುಗ್ಗಿ, ಒಣಗಿದ ಕೆಸರಿನಂತೆ ಬಿರಿಯುವುದರಿಂದ ಕಂಬಗಳಾಗುತ್ತವೆ. ಪರೀಕ್ಷೆಗೆಂದು ನಾನು ಇವೆರಡನ್ನೂ ಬಾಯಿಪಾಠ ಮಾಡಿದ್ದೆ. ನಮ್ಮೂರಿನ ಬೆಟ್ಟದ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸೆಂಬುದೂ ನನಗೆ ಗೊತ್ತಿತ್ತು. ಆದರೆ ಆ ಬೆಟ್ಟವನ್ನು ನಾನು ಎಂದೂ ಕೈಯಿಂದ ಮುಟ್ಟಿ ನೋಡಿರಲಿಲ್ಲ. ನನ್ನ ಫೀಜು ಬಂದುದು ಆ ಬೆಟ್ಟದಿಂದಲೇ ಎಂಬುದು ಗೊತ್ತಿದ್ದೂ ನೋಡಿರಲಿಲ್ಲ.

ಸಂಘದ ಹೆಂಗಸರು ಜೋಡಿ ಜೋಡಿಯಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನ್ನ ತಂದೆತಾಯಿಯರ ಮದುವೆಯ ಫೋಟೋ ಇಲ್ಲ. ಆಗ ಅದಕ್ಕೆ ಹಣವಿರಲಿಲ್ಲ. ಕಂಬದ ಮೇಲೆ ಕೂರಿಸಿದರೆ ಇಬ್ಬರೂ ಒಂದು ಮೊಳ ದೂರ ಕೂತರು. ಹೆಂಗಸರು ಗದರಿಸಿ ಹತ್ತಿರ ಸರಿಸಿದರು. ತಾಯಿ ನಕ್ಕರು. ಮೊಬೈಲಿನ ಪರದೆಯಲ್ಲಿ ನನಗೆ ಕಂಡುದು ನನ್ನ ತಂದೆತಾಯಿಯರಲ್ಲ; ನನಗೆ ಪರಿಚಯವಿಲ್ಲದ, ಇನ್ನೂ ವಯಸ್ಸಾಗದ ಗಂಡಹೆಂಡಿರು.

“ನೀನೂ ಬಾ” ಎಂದರು ತಾಯಿ. ಫೋಟೋ ತೆಗೆಯಲು ಆ ವಿದ್ಯಾರ್ಥಿಯೇ ಮುಂದೆ ಬಂದ. ಮೊಬೈಲನ್ನು ಅವನ ಕೈಗೆ ಕೊಡುವಾಗ, “ಇವರು ನಮ್ಮ ತಂದೆ, ಇವರು ನಮ್ಮ ತಾಯಿ” ಎಂದೆ. ಅವನು ಒಂದು ಕ್ಷಣ ತಂದೆಯವರನ್ನೂ ನನ್ನನ್ನೂ ನೋಡಿದ, ಏನೂ ಕೇಳಲಿಲ್ಲ. ಅವನು ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ತಂದೆಯವರೂ ಅದರ ಮಾತೆತ್ತಲಿಲ್ಲ, ಇಂದಿಗೂ ಎತ್ತಿಲ್ಲ. ಹಿಂದಿರುಗುವಾಗ ಮಾತ್ರ, “ಬಿಸಿಲು ಜಾಸ್ತಿ, ತಲೆ ಮೇಲೆ ಹಾಕ್ಕೋ” ಎಂದು ಕಂಕುಳಲ್ಲಿದ್ದ ಟವಲನ್ನು ನನಗೆ ಕೊಟ್ಟರು. ಮಲ್ಪೆಯ ದಡ ಮುಟ್ಟುವವರೆಗೂ ಅದು ನನ್ನ ತಲೆಯ ಮೇಲಿತ್ತು. ಜನ ನೋಡಿದರೋ ಇಲ್ಲವೋ ನಾನರಿಯೆ.

ಆ ಫೋಟೋ ಈಗ ನಮ್ಮ ಮನೆಯ ಗೋಡೆಯ ಮೇಲಿದೆ. ಇನ್ನು ಕೆಲವು ದಿನಗಳಲ್ಲಿ ನಾನು ಮುಂದಿನ ಓದಿಗೆ ಅರ್ಜಿ ಹಾಕಬೇಕು. ಅದರಲ್ಲಿಯೂ ‘ತಂದೆಯ ಉದ್ಯೋಗ’ ಎಂಬ ಒಂದು ಸಾಲು ಇರುತ್ತದೆ. ಅಲ್ಲಿ ‘ಕಲ್ಲು ಒಡೆಯುವುದು’ ಎಂದು ಬರೆಯುತ್ತೇನೆ.