ಚನ್ನಪಟ್ಟಣದ ಮೆಸ್ಸು, ಮೊಮ್ಮಗನ ಮುದ್ದೆ

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಮೊಮ್ಮಗ ಬೇಸಿಗೆ ರಜೆಗೆ ಬಂದಿದ್ದ. ಹನ್ನೊಂದು ವರ್ಷದ ಹುಡುಗ. ಬಂದ ಮೂರನೆಯ ದಿನವೇ ಬಾಕಿ ವಸೂಲಿಗೆ ಬಂದವನ ಹಾಗೆ ನನ್ನೆದುರು ಕುಳಿತು ಕೇಳಿದ: “ಅಜ್ಜ, ನಿಮ್ಮ ಹೋಟೆಲ್ ತೋರಿಸ್ತೇನೆ ಅಂದಿದ್ರಲ್ಲ, ಯಾವಾಗ?”

ಎರಡು ವರ್ಷದ ಹಿಂದೆ ನಾನು ಮಗಳ ಮನೆಗೆ ಹೋಗಿದ್ದಾಗ ಕೊಟ್ಟ ಮಾತು ಅದು. ಆಗ ಅವನು ನನ್ನನ್ನು ತನ್ನ ಮೆಚ್ಚಿನ ಇಟಾಲಿಯನ್ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ಮೇಜಿನ ಮೇಲೆ ಕೆಂಪು ಬಿಳಿ ಚೌಕಳಿಯ ಬಟ್ಟೆ, ಗೋಡೆಯ ತುಂಬ ಹಳೆಯ ಕಪ್ಪು ಬಿಳುಪಿನ ಫೋಟೋಗಳು, ಬುಟ್ಟಿಯಲ್ಲಿ ಬಿಸಿ ಬ್ರೆಡ್ಡು. ನನ್ನಷ್ಟೇ ವಯಸ್ಸಾದ ಒಬ್ಬ ಸಪ್ಲೈಯರ್ ಮೆನು ಕೊಡುವ ಮೊದಲೇ ಮಗಳ ಹತ್ತಿರ “ಯಾವಾಗಿನದ್ದೇ ತಾನೆ?” ಎಂದು ಕೇಳಿದ. ನಾನು ಸಸ್ಯಾಹಾರಿಯೆಂದು ಬದನೆಕಾಯಿಯ ಒಂದು ಖಾದ್ಯ ತಂದಿಟ್ಟ. ಅದರ ಮೇಲೆ ಟೊಮೆಟೊದ ಕೆಂಪು ಸಾಸು ಹೊಳೆಯಾಗಿ ಹರಿದಿತ್ತು. 1880ರಿಂದ 1920ರ ನಡುವೆ ಸುಮಾರು 40 ಲಕ್ಷ ಇಟಲಿಯವರು ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೋದರು. ಅವರಲ್ಲಿ ಹೆಚ್ಚಿನವರು ದಕ್ಷಿಣ ಇಟಲಿಯ ಬಡವರು. ಊರಿನ ರುಚಿಯನ್ನು ನೆನಪು ಮಾಡಿಕೊಂಡು, ಅಲ್ಲಿ ಸಿಕ್ಕಿದ ಸಾಮಾನಿನಲ್ಲಿ ಗಂಟೆಗಟ್ಟಲೆ ಕುದಿಸಿ ಮಾಡಿದ ಸಾಸು ಅದು. ಆ ಹೋಟೆಲುಗಳಿಗೇ ‘ಕೆಂಪು ಸಾಸಿನ ಹೋಟೆಲ್’ ಎಂದು ಹೆಸರಾಗಿದೆ. ಅಲ್ಲಿನ ಹಳೆಯ ಮನೆತನದವರು ಅದನ್ನು ಸಾಸು ಅನ್ನುವುದೂ ಇಲ್ಲ, ‘ಗ್ರೇವಿ’ ಅನ್ನುತ್ತಾರಂತೆ.

ಊಟದ ಗಮ್ಮತ್ತಿನಲ್ಲಿ ನಾನು, “ನನಗೂ ಒಂದು ಕೆಂಪು ಸಾಸಿನ ಹೋಟೆಲ್ ಇತ್ತು ಮಾರಾಯ, ಚನ್ನಪಟ್ಟಣದಲ್ಲಿ” ಎಂದುಬಿಟ್ಟಿದ್ದೆ. ಮಕ್ಕಳೆದುರು ಬಾಯಿ ಬಿಡುವಾಗ ಯೋಚನೆ ಮಾಡಬೇಕು. ಆ ಹೋಟೆಲಿಗೆ ನಾನೇ ನಲವತ್ತು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಕಾರು ಬೇಡವೆಂದು ರೈಲಿನಲ್ಲೇ ಹೊರಟೆವು. ಬೆಂಗಳೂರಿನಿಂದ ಮೆಮು ಹತ್ತಿದರೆ ಕೆಂಗೇರಿ, ಹೆಜ್ಜಾಲ, ಬಿಡದಿ, ಕೇತೋಹಳ್ಳಿ, ರಾಮನಗರ, ಆಮೇಲೆ ಚನ್ನಪಟ್ಟಣ. ಬಿಡದಿ ಬಂದಾಗ ಹುಡುಗನಿಗೆ ತಟ್ಟೆ ಇಡ್ಲಿಯ ಕತೆ ಹೇಳಿದೆ. ಊಟದ ತಟ್ಟೆಯಂಥ ಅಗಲ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಹಬೆಯಲ್ಲಿ ಬೇಯಿಸಿ, ಮೇಲೊಂದು ಬೆಣ್ಣೆ ಮುದ್ದೆ ಇಟ್ಟು ಕೊಡುತ್ತಾರೆ. ಅವನು ಇಳಿಯೋಣವೆಂದು ಎದ್ದೇಬಿಟ್ಟ. ಹೊಟ್ಟೆ ಖಾಲಿ ಇರಲಿ ಎಂದು ಕೂರಿಸಿದೆ. ಬಿಡದಿ ದಾಟಿದರೆ ಬಂಡೆಗಳು ಶುರು. ಈ ಕಲ್ಲಿಗೆ ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎನ್ನುತ್ತಾರೆ, ಸುಮಾರು 250 ಕೋಟಿ ವರ್ಷ ಹಳೆಯದು. ಕ್ಲೋಸ್‌ಪೇಟೆ ಎಂದರೆ ರಾಮನಗರವೇ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬವನಿಂದ ಬಂದ ಹೆಸರು. ‘ಶೋಲೆ’ ಚಿತ್ರದ ಗಬ್ಬರ್ ಸಿಂಗ್ ಅಬ್ಬರಿಸಿದ್ದು ಇಲ್ಲಿನ ರಾಮದೇವರ ಬೆಟ್ಟದ ಬಂಡೆಗಳಲ್ಲೇ. ಮೊಮ್ಮಗನಿಗೆ ಗಬ್ಬರ್ ಸಿಂಗ್ ಯಾರೆಂದು ಗೊತ್ತಿರಲಿಲ್ಲ. ಎದುರಿನ ಸೀಟಿನ ಹಿರಿಯರೊಬ್ಬರು ರಾಮನಗರ ಬರುವವರೆಗೂ ಅವನಿಗೆ ಪೂರ್ತಿ ಕತೆ ಹೇಳಿದರು, ಕೋವಿ ಸದ್ದು ಸಮೇತ.

ನಾನು ಉಡುಪಿ ಕಡೆಯವನು. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, 1978ರಲ್ಲಿ ಚನ್ನಪಟ್ಟಣದ ಶಾಖೆಗೆ ಗುಮಾಸ್ತನಾಗಿ ಬಂದೆ. ಆಗ ಅದು ಬೆಂಗಳೂರು ಜಿಲ್ಲೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಯಿತು, 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ. ಊರು ಇದ್ದಲ್ಲೇ ಇದೆ, ಲಕೋಟೆಯ ಮೇಲಿನ ವಿಳಾಸ ಮಾತ್ರ ಬದಲಾಗುತ್ತ ಹೋಯಿತು. ಒಂದು ಕೋಣೆ ಬಾಡಿಗೆಗೆ ಸಿಕ್ಕಿತು, ಅಡುಗೆ ಬರುತ್ತಿರಲಿಲ್ಲ. ಬ್ಯಾಂಕಿನ ಜವಾನ ಒಂದು ಓಣಿಯ ಮೆಸ್ಸಿಗೆ ಕರೆದೊಯ್ದು ಬಿಟ್ಟ.

ಎರಡು ಉದ್ದ ಬೆಂಚು, ಕಡಪ ಕಲ್ಲಿನ ಮೇಜು, ದೇವರ ಕ್ಯಾಲೆಂಡರು, ಮೂಲೆಯಲ್ಲಿ ಹೊಗೆ ಹಿಡಿದ ಒಲೆ. ಗಲ್ಲದ ಮೇಲೆ ಯಜಮಾನರು, ಒಲೆಯ ಹತ್ತಿರ ಅವರ ಹೆಂಡತಿ. ನಾವೆಲ್ಲ ಆಕೆಯನ್ನು ಅಕ್ಕ ಎನ್ನುತ್ತಿದ್ದೆವು. ಏನಿದೆ ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ. ಊಟಕ್ಕೆ ಬರುವವರು ಆಟಿಕೆ ಮಾಡುವ ಕುಶಲಕರ್ಮಿಗಳು, ಗೂಡು ಬಿಚ್ಚಿ ನೂಲು ತೆಗೆಯುವವರು, ಸ್ಪನ್ ಸಿಲ್ಕ್ ಗಿರಣಿಯವರು, ಕನಕಪುರ ಮಾಗಡಿ ಕಡೆಯಿಂದ ಸಂತೆಗೆ ಬಂದ ರೈತರು, ಲಾರಿಯವರು. ಅವರ ನಡುವೆ ನಾನು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ. ಕುಚ್ಚಲಕ್ಕಿ ಅನ್ನ ತಿಂದು ಬೆಳೆದ ನಾನು ಮುದ್ದೆಯನ್ನು ನೋಡಿದ್ದು ಅಂದೇ ಮೊದಲು.

ಜಗಿದೆ. ಹಲ್ಲಿಗೆಲ್ಲ ಅಂಟಿಕೊಂಡಿತು. ಬೆಂಚಿನ ತುಂಬ ನಗು. “ಜಗೀಬಾರ್ದು ಸ್ವಾಮಿ, ನುಂಗ್ಬೇಕು” ಎಂದು ಅಕ್ಕ ಒಲೆಯ ಹತ್ತಿರದಿಂದಲೇ ಕೂಗಿದರು. ಬೆರಳಲ್ಲಿ ಒಂದಿಷ್ಟು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ, ಹಾಗೇ ಗಂಟಲಿಗೆ ಇಳಿಸುವುದನ್ನು ಪಕ್ಕದಲ್ಲಿ ಕುಳಿತ ಆಟಿಕೆಯವರೊಬ್ಬರು ಹೇಳಿಕೊಟ್ಟರು. ಎರಡು ವಾರ ಹಿಡಿಯಿತು.

ಇನ್ನು ಆ ಕೆಂಪು. ಮಕ್ಕಳೇ, ನಿಮ್ಮಲ್ಲಿ ಹಳೇ ಮೈಸೂರಿನ ಕಡೆಯವರಿಗೆ ಉಪ್ಸಾರು ಹೊಸದಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಸೊಪ್ಪನ್ನೂ ಹುರುಳಿಯನ್ನೋ ಅಲಸಂದೆಯನ್ನೋ ಉಪ್ಪು ಹಾಕಿ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟೇ ಉಪ್ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಸಾರು ನೋಡಲು ನೀರಿನ ಹಾಗೆ ತೆಳ್ಳಗೆ, ಸಪ್ಪೆ. ಅದಕ್ಕೆ ಪ್ರಾಣ ಬರುವುದು ತಟ್ಟೆಯ ಅಂಚಿನಲ್ಲಿಡುವ ಖಾರದಿಂದ. ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು ಇಷ್ಟನ್ನು ಕಲ್ಲಿನಲ್ಲಿ ನುಣ್ಣಗೆ ಅರೆದದ್ದು. ಕುಂಕುಮಕ್ಕಿಂತ ಸ್ವಲ್ಪ ಕಡು ಬಣ್ಣ. ಬೇಕಾದಷ್ಟನ್ನು ನಾವೇ ಸಾರಿಗೆ ಕದಡಿಕೊಳ್ಳಬೇಕು. ಮಾಗಡಿ ಕಡೆಯ ಅವರೆಕಾಯಿ ಬರುವ ಚಳಿಗಾಲದಲ್ಲಿ ಮಾತ್ರ ಹಿತಕಿದವರೆ ಸಾರು ಮಾಡಿ ಉಪ್ಸಾರಿಗೆ ರಜೆ ಕೊಡುತ್ತಿದ್ದರು.

ನ್ಯೂಜೆರ್ಸಿಯ ಕೆಂಪಿಗೂ ಚನ್ನಪಟ್ಟಣದ ಕೆಂಪಿಗೂ ಒಂದು ನೆಂಟಸ್ತಿಕೆ ಇದೆ. ಟೊಮೆಟೊ, ಮೆಣಸಿನಕಾಯಿ ಎರಡರ ತವರೂ ಅಮೆರಿಕ ಖಂಡ. ಕೊಲಂಬಸ್ ಅತ್ತ ಹೋಗುವ ಮೊದಲು ಇಟಲಿಯವರಿಗೆ ಟೊಮೆಟೊ ಗೊತ್ತಿರಲಿಲ್ಲ, ನಮಗೆ ಮೆಣಸಿನಕಾಯಿ ಗೊತ್ತಿರಲಿಲ್ಲ. ಇಲ್ಲಿಗೆ ಅದನ್ನು ತಂದವರು ಪೋರ್ಚುಗೀಸರು. ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದಿಂದ ಬಂದ ಧಾನ್ಯ. ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಹೊಸ ತಳಿಗಳನ್ನು ಮಾಡಿದಾಗ ಎರಡೂ ಹೆಸರು ಸೇರಿಸಿ ‘ಇಂಡಾಫ್’ ಎಂದು ಕರೆದರು. ಮುದ್ದೆ ಉಪ್ಸಾರಿನ ತಟ್ಟೆಯೆಂದರೆ ಸುಮ್ಮನೆ ಅಲ್ಲ. ಇದನ್ನು ನಾನು ರೈಲಿನಲ್ಲಿ ಹೇಳುತ್ತಿದ್ದಾಗ ಹುಡುಗ ಕೇಳಿದ: “ಮತ್ತೆ ನೀವು ಅಲ್ಲಿಗೆ ಹೋಗೋದು ಯಾಕೆ ಬಿಟ್ರಿ?”

ಹೇಳಲೇಬೇಕಾಯಿತು.

ಆ ಕಾಲದಲ್ಲಿ ಮೆಸ್ಸಿನ ಇಡ್ಲಿ ಹಿಟ್ಟನ್ನೆಲ್ಲ ಅಕ್ಕ ಒಬ್ಬರೇ ಒರಳಲ್ಲಿ ರುಬ್ಬುತ್ತಿದ್ದರು. ರಾತ್ರಿ ಊಟ ಮುಗಿಸಿ ನಾವು ಹೊರಡುವಾಗ ಗುಂಡುಕಲ್ಲಿನ ಸದ್ದು ಶುರುವಾಗುತ್ತಿತ್ತು. ವಿದ್ಯುತ್ತಿನ ಗ್ರೈಂಡರು ಆಗಷ್ಟೇ ಬಂದಿತ್ತು. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಸಣ್ಣ ವ್ಯಾಪಾರದವರಿಗೂ ಸಾಲ ಕೊಡಬೇಕೆಂಬ ಮಾತು ಜೋರಾಗಿತ್ತು. ನಾನೇ ಯಜಮಾನರಿಗೆ, “ಗ್ರೈಂಡರಿಗೆ ಸಾಲ ಹಾಕಿ, ನಾನು ಮಾಡಿಸಿಕೊಡುತ್ತೇನೆ” ಎಂದೆ. ಅವರು ಅರ್ಜಿ ತುಂಬಿ, ಹೆಬ್ಬೆಟ್ಟು ಒತ್ತಿ, ಜಾಮೀನುದಾರರ ಸಹಿ ಹಾಕಿಸಿ, ಊಟದ ಹೊತ್ತಿನಲ್ಲಿ ನನ್ನ ಕೈಗೆ ಕೊಟ್ಟರು. ನಾನು ತಂದು ಡ್ರಾಯರಿನಲ್ಲಿಟ್ಟೆ. ಅರ್ಧವಾರ್ಷಿಕ ಲೆಕ್ಕದ ಗಡಿಬಿಡಿ, ಅದರ ಮೇಲೊಂದು ಲೆಡ್ಜರು ಬಿತ್ತು. ಮರೆತೆ.

ಎರಡು ತಿಂಗಳ ಮೇಲೆ ಯಜಮಾನರು ಒಂದೇ ಸಲ ಕೇಳಿದರು. “ಮೇಲಿನ ಆಫೀಸಿಗೆ ಹೋಗಿದೆ” ಎಂದೆ. ಹಾಗೆ ಹೇಳುವಾಗ ನನಗೆ ಅದು ಎಲ್ಲಿದೆಯೆಂದೇ ನೆನಪಿರಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಬ್ಯಾಂಕಿನವರನ್ನು ಪದೇ ಪದೇ ಕೇಳಬಾರದು ಎಂಬ ಮರ್ಯಾದೆ. 1983ರಲ್ಲಿ ವರ್ಗವಾಗಿ ಡ್ರಾಯರು ಖಾಲಿ ಮಾಡುವಾಗ ಅರ್ಜಿ ಸಿಕ್ಕಿತು, ಹೆಬ್ಬೆಟ್ಟಿನ ನೀಲಿ ಗುರುತು ಸಮೇತ. ಒಂದು ವರ್ಷ ದಾಟಿತ್ತು. ಅಂದು ಮಧ್ಯಾಹ್ನ ಅಕ್ಕ ನನ್ನನ್ನು ಬೀಳ್ಕೊಡಲು ಹೋಳಿಗೆ ಊಟ ಮಾಡಿಟ್ಟಿದ್ದರು. ಬರುತ್ತೇನೆಂದು ಹೇಳಿದ್ದೆ. ಮೆಸ್ಸಿನ ಬಾಕಿಯನ್ನು ಜವಾನನ ಕೈಲಿ ಕಳಿಸಿ, ಮಧ್ಯಾಹ್ನದ ಬಸ್ಸಿಗೇ ಊರು ಬಿಟ್ಟೆ. ಮೂವತ್ತೇಳು ವರ್ಷದ ನೌಕರಿಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೆ ರಾತ್ರಿ ಹತ್ತರವರೆಗೆ ಕುಳಿತು ಹುಡುಕಿದವನು ನಾನು. ಇದೊಂದು ಮಾತ್ರ ಯಾವ ಲೆಡ್ಜರಿನಲ್ಲೂ ಏರಲಿಲ್ಲ.

ಹುಡುಗ ಏನೂ ಹೇಳಲಿಲ್ಲ. ಕಿಟಕಿಯ ಕಡೆ ನೋಡುತ್ತ ಕುಳಿತ.

ಚನ್ನಪಟ್ಟಣದಲ್ಲಿ ಇಳಿದು ಮೊದಲು ಆಟಿಕೆಯ ಓಣಿಗೆ ಹೋದೆವು. ಧೈರ್ಯ ಬರಲು ಸ್ವಲ್ಪ ಹೊತ್ತು ಬೇಕಿತ್ತು ಎಂದೇ ಇಟ್ಟುಕೊಳ್ಳಿ. ಹಾಲೆ ಮರದ ತುಂಡು ಲೇತಿನಲ್ಲಿ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣಗಿದ ತಾಳೆ ಎಲೆಯಿಂದ ಉಜ್ಜಿದರೆ ಹೊಳಪು. ಹುಡುಗ ಒಂದು ಬುಗುರಿ ಕೊಂಡ. ನಾನು ಸುಮ್ಮನೆ ಒಂದು ಗಿಲಕಿ ಕೊಂಡೆ, ಮನೆಯಲ್ಲಿ ಹಸುಗೂಸು ಇಲ್ಲದಿದ್ದರೂ.

ಓಣಿ ಹುಡುಕಲು ಕಷ್ಟವಾಗಲಿಲ್ಲ. ಬೋರ್ಡು ಹೊಸದು, ಒಲೆಯ ಜಾಗದಲ್ಲಿ ಗ್ಯಾಸು. ಕಡಪ ಕಲ್ಲಿನ ಮೇಜು ಮಾತ್ರ ಅದೇ. ಗೋಡೆಯಲ್ಲಿ ಯಜಮಾನರ ಫೋಟೋ, ಗಂಧದ ಹಾರ. ಗಲ್ಲದಲ್ಲಿ ಐವತ್ತರ ಆಸುಪಾಸಿನ ಮಗ. ಚಿಕ್ಕವನಿದ್ದಾಗ ಇದೇ ಮೇಜಿನ ಕೆಳಗೆ ಕುಳಿತು ನನ್ನ ಹತ್ತಿರ ಮಗ್ಗಿ ಒಪ್ಪಿಸುತ್ತಿದ್ದವನು. ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಕ್ಕ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಎಂಬತ್ತು ದಾಟಿದೆ. ನನ್ನನ್ನು ಒಂದು ನಿಮಿಷ ನೋಡಿದರು.

“ಮಂಗ್ಳೂರ್ ಸ್ವಾಮೇರಲ್ವಾ? ವೋಳ್ಗೆ ಮಾಡಿದ್ದೆ, ನೀವು ಬರ್ನಿಲ್ಲ.”

ಊಟ ಬಂತು. ಮೊಮ್ಮಗ ನನ್ನ ಪಾಠ ಕೇಳಿ ನುಂಗಲು ಹೊರಟು, ಮೊದಲ ತುತ್ತಿಗೇ ಖಾರ ನೆತ್ತಿಗೇರಿ, ಅರ್ಧ ಚೊಂಬು ನೀರು ಕುಡಿದ. ಎರಡನೆಯದಕ್ಕೆ ಖಾರ ಕಡಿಮೆ ಮಾಡಿಕೊಂಡ. ಮೂರನೆಯದು ಸರಿಯಾಗಿ ಇಳಿಯಿತು. ಎರಡು ವಾರ ಹಿಡಿದ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಖಾರ ಅದೇ ಖಾರ. ಗ್ರೈಂಡರು, ಮಿಕ್ಸಿ ಎಲ್ಲ ಬಂದಿದ್ದರೂ ಅದೊಂದನ್ನು ಈಗಲೂ ಕಲ್ಲಲ್ಲೇ ಅರೆಯುವುದಂತೆ.

ಕೈ ತೊಳೆದು ಅಕ್ಕನ ಪಕ್ಕ ಸ್ಟೂಲಿನಲ್ಲಿ ಕುಳಿತು ಅರ್ಜಿಯ ಕತೆ ಹೇಳಿದೆ. ಡ್ರಾಯರು, ಲೆಡ್ಜರು, ಸುಳ್ಳು, ಎಲ್ಲ. ಆಕೆ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಹೇಳಿದರು: “ಎಲ್ಡೊರ್ಸ ಆದ್ಮೇಲೆ ಚೀಟಿ ಎತ್ತಿ ತಕ್ಕೊಂಡೊ ಸ್ವಾಮಿ. ಆ ಎಲ್ಡೊರ್ಸದಾಗೆ ನನ್ನ ಬಲಗೈ ಭುಜ ವೋಯ್ತು. ಈಗ್ಲೂ ಎತ್ತಕ್ಕಾಗಕಿಲ್ಲ.” ಎಡಗೈಯಿಂದ ಬಲಭುಜವನ್ನು ಹಿಡಿದು ತೋರಿಸಿದರು. ನನಗೆ ಮಾತು ಹೊರಡಲಿಲ್ಲ. ಆಮೇಲೆ ಒಳಗೆ ತಿರುಗಿ, “ಆ ಮಗೀಗೆ ಇನ್ನೊಂದಿಷ್ಟು ಮಜ್ಜಿಗೆ ಉಯ್ಯೋ” ಎಂದು ಮಗನಿಗೆ ಕೂಗಿದರು.

ಮಧ್ಯಾಹ್ನ ಎರಡು ಗಂಟೆಗೆ ಜನ ತೆಳುವಾದಾಗ ಮಗ ಬಂದು ಕುಳಿತರು. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಪೂರ್ತಿಯಾಗಿ ತೆರೆದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಬಿಡದಿ, ರಾಮನಗರ, ಚನ್ನಪಟ್ಟಣ ಯಾವುದನ್ನೂ ಮುಟ್ಟದೆ ಹೊರಗಿನಿಂದಲೇ ಹೋಗುತ್ತವೆ. “ದೂರದವರು ಬರೋದು ನಿಂತೋಯ್ತು ಸಾರ್. ಊರಿನವರೇ ಗಿರಾಕಿ” ಎಂದರು. ಮುದ್ದೆ ತೊಳಸಲು ಆಳು ಸಿಗುವುದಿಲ್ಲ. ಕುದಿಯುವ ಹಿಟ್ಟಿನ ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು ಕೋಲಿನಿಂದ ತಿರುವಲು ರಟ್ಟೆಯಲ್ಲಿ ಕಸುವು ಬೇಕು, ಈಗಿನ ಹುಡುಗರು ಒಪ್ಪುವುದಿಲ್ಲ. ಮುದ್ದೆ ಮಾಡುವ ಯಂತ್ರ ಬಂದಿದೆ. ಮುದ್ರಾ ಸಾಲಕ್ಕೆ ಅರ್ಜಿ ತಂದಿಟ್ಟಿದ್ದಾರೆ, ತುಂಬಿಲ್ಲ. ಯಂತ್ರ ಕೊಳ್ಳುವುದೋ, ಬಾಗಿಲು ಹಾಕುವುದೋ ಎಂದು ಆರು ತಿಂಗಳಿಂದ ಯೋಚನೆ.

“ಆ ಅರ್ಜಿ ತನ್ನಿ” ಎಂದೆ.

ಕನ್ನಡಕ ಒರೆಸಿಕೊಂಡು ಕಡಪ ಕಲ್ಲಿನ ಮೇಲೆ ಹಾಳೆ ಹರಡಿದೆ. ಗಲ್ಲದ ಪುಸ್ತಕ ತರಿಸಿ ಮೂರು ತಿಂಗಳ ವ್ಯಾಪಾರದ ಲೆಕ್ಕ ತೆಗೆದೆ. ತಿಂಗಳ ಕಂತು ಎಷ್ಟು ತಡೆಯುತ್ತದೆಂದು ಹಿಂದೆ ಮುಂದೆ ಕೂಡಿ ಕಳೆದು ನೋಡಿದೆ. ಅವರು ಕೇಳಬೇಕೆಂದಿದ್ದ ಮೊತ್ತ ಜಾಸ್ತಿಯಾಗಿತ್ತು, ಕಡಿಮೆ ಮಾಡಿಸಿದೆ. ಮೊಮ್ಮಗ ಫೋನಿನಲ್ಲಿ ಕೂಡಿ ನನ್ನ ಮೊತ್ತ ತಾಳೆ ನೋಡಿದ. ಒಂದೂವರೆ ಗಂಟೆ ಹಿಡಿಯಿತು. ಯಾವ ಯಾವ ಕಾಗದದ ಪ್ರತಿ ಬೇಕೆಂದು ಹಿಂಬದಿಯಲ್ಲಿ ಪಟ್ಟಿ ಬರೆದೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದು ಜೊತೆಯಲ್ಲೇ ಬ್ಯಾಂಕಿಗೆ ಬರುತ್ತೇನೆಂದು ಹೇಳಿದೆ. ಅಲ್ಲಿಯವರೆಗೆ ಜೋಪಾನವಾಗಿರಲೆಂದು ಮಡಚಿ ನನ್ನ ಚೀಲಕ್ಕೆ ಹಾಕಿಕೊಳ್ಳಲು ಹೋದೆ.

“ಇಲ್ಲೇ ಇರ್ಲಿ ಬುಡಿ ಸ್ವಾಮಿ” ಎಂದು ಅಕ್ಕ ಕೈ ಚಾಚಿದರು. ಎಡಗೈ. ಕೊಟ್ಟೆ. ಅದನ್ನು ಯಜಮಾನರ ಫೋಟೋದ ಹಿಂದೆ ಸಿಕ್ಕಿಸಿಡುವಂತೆ ಮಗನಿಗೆ ಹೇಳಿದರು.

ಊಟದ ದುಡ್ಡು ಬೇಡವೆಂದು ಮಗ ಹೇಳಿದರು, ಅಕ್ಕ ಬೇಕೆಂದರು. ಎರಡು ಊಟದ ಹಣ ಎಣಿಸಿ ತೆಗೆದುಕೊಂಡು, ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಖಾರ ತುಂಬಿಸಿ ಮೊಮ್ಮಗನ ಕೈಗಿಟ್ಟರು. ಸಂಜೆಯ ರೈಲಿನಲ್ಲಿ ಅವನು ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳ ಸಡಿಲವಾಗಿದೆಯೇ ಎಂದು ಸ್ಟೇಷನ್ನಿಗೊಮ್ಮೆ ನೋಡುತ್ತಿದ್ದ. ಕೆಂಗೇರಿ ದಾಟಿದ ಮೇಲೆ ಕೇಳಿದ: “ಸೋಮವಾರ ನಾನೂ ಬರಬಹುದಾ ಅಜ್ಜ? ಬಿಡದಿಯಲ್ಲಿ ಇಳಿದು ಹೋಗೋಣ.”