ಎರಡು ಕಂಠಗಳು

ಹುಕ್ಕೇರಿ ಬಾಳಪ್ಪನವರು (1911–1992) ದೊಡ್ಡ ಹಾಡುಗಾರರೋ, ಸಿ. ಅಶ್ವತ್ಥರು (1939–2009) ದೊಡ್ಡವರೋ? ನಮ್ಮ ಮನೆಯಲ್ಲಿ ಈ ವಾದ ಊಟದ ಎಲೆಯ ಮುಂದೆಯೂ ನಡೆಯುವುದುಂಟು.

ಬಾಳಪ್ಪನವರದು ಸ್ವಾತಂತ್ರ್ಯ ಚಳವಳಿಯ ಹಾಗೂ ಏಕೀಕರಣದ ಸಭೆಗಳಲ್ಲಿ ಹದಗೊಂಡ ಕಂಠ. ಬಯಲಿನಲ್ಲಿ ನೆರೆದ ಜನಕ್ಕೆ ಮಾತು ಮುಟ್ಟದಿದ್ದರೆ ಹಾಡು ವ್ಯರ್ಥ. ಆದುದರಿಂದ ಅವರಲ್ಲಿ ರಾಗವು ಮಾತಿನ ಬೆನ್ನು ಹತ್ತಿ ನಡೆಯುತ್ತದೆ; ಅಶ್ವತ್ಥರಲ್ಲಿ ಮಾತು ರಾಗದ ತೇರನ್ನೇರುತ್ತದೆ. ಕಂಠಶಕ್ತಿಯೊಂದನ್ನೇ ತೂಗುವುದಾದರೆ ನನ್ನ ಒಲವು ಅಶ್ವತ್ಥರ ಕಡೆಗೆ. (ಮನೆಯವರಿಗೆ ಇದು ಸಮ್ಮತವಿಲ್ಲ, ಅವರು ಬಾಳಪ್ಪನವರಂತೆಯೇ ಬೆಳಗಾವಿ ಸೀಮೆಯವರು.)

ಆದರೆ ಅವರು ಬಿಟ್ಟುಹೋದುದರ ಲೆಕ್ಕ ಬೇರೆ. ನೆರೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳ ಶರೀಫರ (1819–1889) ಪದಗಳು ನಮ್ಮ ಭಾಗದಲ್ಲಿ ತಾಳ, ದಮ್ಮಡಿ, ಏಕತಾರಿಗಳೊಡನೆ ಬಾಯಿಂದ ಬಾಯಿಗೆ ಬಂದವು. ಒಂದೇ ಪದಕ್ಕೆ ಊರಿಗೊಂದು ಧಾಟಿ. ಅಶ್ವತ್ಥರ ಧ್ವನಿಸುರುಳಿಗಳೂ, ಅವರೇ ಸಂಗೀತವಿತ್ತ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಆ ಪದಗಳನ್ನು ಪಟ್ಟಣಗಳ ಮನೆಮನೆಗೆ ಮುಟ್ಟಿಸಿದವು. ಅದು ಸಣ್ಣ ಉಪಕಾರವಲ್ಲ. ಆದರೆ ಅಂದಿನಿಂದ ಉಳಿದ ಧಾಟಿಗಳೆಲ್ಲ ತಪ್ಪೆಂಬಂತೆ ಕೇಳಿಸತೊಡಗಿದವು.

ಅಕ್ಕಿಆಲೂರಿನ ಭಜನೆಯಲ್ಲಿ ಕಾಲೇಜು ಹುಡುಗರು ಶರೀಫರನ್ನು ಅಶ್ವತ್ಥರಂತೆಯೇ ಹಾಡುತ್ತಾರೆ. ದನಿಯನ್ನು ಥಟ್ಟನೆ ಮೇಲಕ್ಕೆಸೆಯುವ ಆ ಹಟವನ್ನೂ ಬಿಟ್ಟಿಲ್ಲ. ಹಳೆಯ ಧಾಟಿ ಬಲ್ಲ ಹಿರಿಯರು ಇಬ್ಬರೇ ಉಳಿದಿದ್ದಾರೆ. ಮುಂದಿನ ಅಮಾವಾಸ್ಯೆಗೆ ಮೊದಲ ಪದ ಅವರದಾಗಲೆಂದು ಹುಡುಗರಿಗೆ ಹೇಳಿದೆ. “ಹಿಂದ ಹಾಡಾಕ ನಮಗ ಬರ್ತೈತೇನ್ರಿ ಸರ?” ಎಂದು ಕೇಳಿದರು.